ಮೊಮ್ಮಗಳ ಮೆಷಿನ್ನಿಗೆ ತಡವಾಗಿ ಬಂದ ಸೀನು

ನನ್ನ ಮೊಮ್ಮಗಳ ತಲೆ ನೆಟ್ಟಗಿದೆ ಎಂದು ನಾನು ದೇವರ ಮುಂದೆ ನಿಂತು ಪ್ರಮಾಣ ಮಾಡಲಾರೆ. ಆದರೆ ಬೇರೆ ಯಾರಾದರೂ ಹಾಗೆ ಅಂದರೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತೇನೆ. ಹಾಗೆ ಅನ್ನುವ ಹಕ್ಕು ನನ್ನೊಬ್ಬಳದು. ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಆ ತಲೆಯನ್ನು ನನ್ನಷ್ಟು ತಿಕ್ಕಿದವರು ಈ ಲೋಕದಲ್ಲಿ ಇನ್ನಾರಿದ್ದಾರೆ?

ಅವಳ ಹುಚ್ಚು ಒಂದೇ ಒಂದು. ಅಳೆಯುವುದು. ಉದ್ದ ಅಗಲ ಅಲ್ಲ, ತೂಕವೂ ಅಲ್ಲ. ಹೊತ್ತು! ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಗೊತ್ತಾಗದಿದ್ದರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮೋಟೆಬೆನ್ನೂರಿನ ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ನಾನು ನಡೆದು ಹೋಗಲು ಎಷ್ಟು ನಿಮಿಷ ಎಂಬುದು ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ದಾರಿಯಲ್ಲಿ ಯಾರ ಮನೆಯ ಕಟ್ಟೆಯ ಮುಂದೆ ಎಷ್ಟು ನಿಮಿಷ ಮಾತಿಗೆ ನಿಂತೆ ಎಂಬುದು ಕೂಡ!

ಹೋದ ವರ್ಷ ಗಂಡಿನ ಕಡೆಯವರು ಅವಳನ್ನು ನೋಡಲು ಬಂದರು. ಅವಲಕ್ಕಿ ಕೊಟ್ಟಳು, ಚಹಾ ಕೊಟ್ಟಳು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ಎಷ್ಟು ಮರ್ಯಾದಸ್ಥ ಹುಡುಗಿ, ಕತ್ತು ಎತ್ತುವುದಿಲ್ಲ ಎಂದು ಅವರಿಗೆ ಮೆಚ್ಚುಗೆ. ಕತ್ತು ಎಲ್ಲಿ ಎತ್ತಬೇಕು? ಮಡಿಲಲ್ಲಿ ಫೋನು, ಫೋನಿನಲ್ಲಿ ಗಡಿಯಾರ ಓಡುತ್ತಿತ್ತು. ಅವರು ಹೊರಡಲು ಎದ್ದಾಗ ಗಂಡಿನ ತಂದೆಗೆ ಕೈ ಮುಗಿದು, ಬಲು ವಿನಯದಿಂದ ಹೇಳಿದಳು: "ಕಾಕಾರ, ನೀವು ನಲವತ್ತು ನಿಮಿಷ ಮಾತಾಡಿದ್ರಿ. ಅದರಾಗ ಮೂವತ್ತೊಂದು ನಿಮಿಷ ನಿಮ್ಮ ಕಾರಿನ ಮ್ಯಾಲ ಹೋತು. ನಿಮ್ಮ ಮಗ ಎರಡ ನಿಮಿಷ ಮಾತಾಡಿದ್ರು."

ಆ ಕಾರು ನಮ್ಮ ಓಣಿ ದಾಟಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದನ್ನು ಅವಳು ಅಳೆಯಲಿಲ್ಲ. ಅಷ್ಟರಲ್ಲಿ ದಾಟಿ ಹೋಗಿತ್ತು!

ಇದು ಅವಳು ಮಾಡುವ ಕೆಲಸದಿಂದ ಹತ್ತಿದ ಹುಚ್ಚು. ಹಾವೇರಿಯಲ್ಲಿ ಇಂಜಿನಿಯರಿಂಗ್ ಓದಿದಳು. ಈಗ ದಿನಾ ಬಸ್ಸು ಹತ್ತಿ ರಾಣೇಬೆನ್ನೂರಿನ ಒಂದು ಸಣ್ಣ ಕಾರ್ಖಾನೆಗೆ ಹೋಗಿ ಬರುತ್ತಾಳೆ. ಅಲ್ಲಿ ರೈತರಿಗೆ, ವ್ಯಾಪಾರಿಗಳಿಗೆ ಬೇಕಾದ ಮೆಷಿನ್ನು ಮಾಡುತ್ತಾರೆ. ಕಬ್ಬಿಣದ ಕೆಲಸ ಬೇರೆಯವರದು. ಮೆಷಿನ್ನಿನ ಹೊಟ್ಟೆಯಲ್ಲಿ ಅಂಗೈಯಷ್ಟು ಹಸಿರು ಬೋರ್ಡು ಇರುತ್ತದೆ, ಅದರಲ್ಲಿ ಬೆರಳಿನ ಉಗುರಿನಷ್ಟು ಒಂದು ಕರಿ ಚಿಪ್ಪು. ಆ ಚಿಪ್ಪಿಗೆ ಬುದ್ಧಿ ತುಂಬುವುದು ನನ್ನ ಮೊಮ್ಮಗಳ ಕೆಲಸ. ನಾಲ್ಕನೇ ಇಯತ್ತೆಗೆ ಪಾಟಿ ಕೆಳಗಿಟ್ಟ ನನಗೂ ಇಷ್ಟು ತಿಳಿದಿದೆಯಲ್ಲ, ಹೇಗೆ? ಅವಳೇ ರೊಟ್ಟಿಯ ಲೆಕ್ಕದಲ್ಲಿ ತಿಳಿಸಿ ಹೇಳಿದಳು. ಹಿಟ್ಟು ನಾದುವುದಕ್ಕೆ ಎಷ್ಟು ಹೊತ್ತು, ಬಡಿಯುವುದಕ್ಕೆ ಎಷ್ಟು, ಬೇಯುವುದಕ್ಕೆ ಎಷ್ಟು ಎಂದು ಬೇರೆ ಬೇರೆ ಗೊತ್ತಾದರೆ ತಾನೇ ಎಲ್ಲಿ ತಡವಾಗುತ್ತಿದೆ ಎಂದು ತಿಳಿಯುವುದು? ಚಿಪ್ಪಿನೊಳಗೆ ಹಾಗೆ ನೋಡಿ ಹೇಳುವುದಕ್ಕೆ ಒಂದು ಸಾಧನ ಇದೆಯಂತೆ. ಪ್ರೊಫೈಲರ್ ಎಂದು ಅದರ ಹೆಸರು. ನಾನು ಅದಕ್ಕೆ ಮುಕಾದಮ ಎಂದು ಹೆಸರಿಟ್ಟೆ. ಕೂಲಿಯವರ ಹಿಂದೆ ನಿಂತು ಯಾರು ಜೋರು, ಯಾರು ಮೆತ್ತಗೆ ಎಂದು ನೋಡುವವನು ಮುಕಾದಮನೇ ಅಲ್ಲವೇ?

ಚಿಪ್ಪಿಗೆ ಸಾಲದು ಎಂದು ಮನೆಗೂ ಅವಳೇ ಮುಕಾದಮಳಾದಳು. ನನ್ನ ಸೊಸೆ, ಅಂದರೆ ಅವಳ ತಾಯಿ, ಚಹಾ ಮಾಡುವುದನ್ನು ಮೂರು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಳೆದಳು. ನಾಲ್ಕನೆಯ ದಿನ ವರದಿ ಬಂತು. ಚಹಾ ಕುದಿಯುವುದಕ್ಕಿಂತ ಹೆಚ್ಚು ಹೊತ್ತು ಸಕ್ಕರೆ ಡಬ್ಬಿಯ ತನಕ ಹೋಗಿ ಬರುವುದಕ್ಕೇ ಹಿಡಿಯುತ್ತದಂತೆ! ಸಕ್ಕರೆ ಡಬ್ಬಿಯನ್ನು ಒಲೆಯ ಪಕ್ಕ ತಂದಿಟ್ಟಳು, ಒಲೆಯ ಪಕ್ಕದಲ್ಲಿದ್ದ ಉಪ್ಪಿನ ಡಬ್ಬಿಯನ್ನು ಸಕ್ಕರೆ ಇದ್ದ ಜಾಗಕ್ಕೆ ಸರಿಸಿದಳು. ಸೊಸೆಯ ಕೈಗೆ ಇಪ್ಪತ್ತೈದು ವರ್ಷದ ರೂಢಿ. ಮರುದಿನ ಚಹಾ ಬೇಗ ಆಗಲೂ ಇಲ್ಲ. ಆದದ್ದನ್ನು ಯಾರೂ ಕುಡಿಯಲೂ ಇಲ್ಲ.

ಆಮೇಲೆ ಅವಳ ಕಣ್ಣು ಬಿದ್ದದ್ದು ಅಜ್ಜನ ಪೂಜೆಯ ಮೇಲೆ. ನಮ್ಮ ಯಜಮಾನರದು ಹತ್ತು ನಿಮಿಷದ ಪೂಜೆ. ಹಸಿವೆಯಾದ ದಿನ ಏಳಕ್ಕೂ ಮುಗಿಯುತ್ತಿತ್ತು. ಮೊಮ್ಮಗಳು ಅಳೆಯುತ್ತಿದ್ದಾಳೆ ಎಂದು ಗೊತ್ತಾದದ್ದೇ ತಡ, ಪೂಜೆ ಮುಕ್ಕಾಲು ಗಂಟೆಗೆ ಏರಿತು! ಎಂದೂ ಬಾರದ ಮಂತ್ರ ಬಂತು, ಗಂಟೆಯ ಸದ್ದಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಜಗ್ಗಿತು. ಅವಳು ಫೋನು ಬಂದ್ ಮಾಡಿ ಹೇಳಿದಳು: "ಅಜ್ಜಾ, ನಾ ನೋಡಾಕತ್ತೇನಿ ಅಂತ ಗೊತ್ತಾದ್ರ ನೀ ಬ್ಯಾರೇನ ಮನಶಾ ಆಗ್ತೀ. ಈ ಲೆಕ್ಕಾ ನಡಿಯೂದಿಲ್ಲ."

ಎಂಥ ಜಾಣ ಮಾತು! ಆದರೆ ಆ ಮಾತನ್ನು ಆಡಿದವಳೇ ಮರೆತುಬಿಟ್ಟಳು. ನಾನು ಹೇಳಹೊರಟದ್ದು ಅದನ್ನೇ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇವರ ಕಾರ್ಖಾನೆಗೆ ಒಂದು ಮೆಷಿನ್ನು ಮಾಡಿಕೊಡಲು ಹೇಳಿದರು. ಕೆಂಪು ಕಾಯಿಯ ನಡುವೆ ಬಣ್ಣ ಕಳೆದುಕೊಂಡ ಬಿಳಿಗಾಯಿ ಇರುತ್ತವಲ್ಲ, ಅವನ್ನು ಆರಿಸಿ ತೆಗೆಯುವ ಮೆಷಿನ್ನು. ನಾನು ಹೊಸದಾಗಿ ಮದುವೆಯಾಗಿ ಬಂದ ಕಾಲಕ್ಕೆ ಬ್ಯಾಡಗಿಯ ಕಣದಲ್ಲಿ ಸಾಲಾಗಿ ಕೂತು ಮಾಡುತ್ತಿದ್ದ ಕೆಲಸವೇ ಅದು. ಘಾಟಿಗೆ ಮೂಗು ಉರಿದು, ಕಣ್ಣೀರು ಸುರಿದು, ಸೀನಿ ಸೀನಿ ಪಕ್ಕೆ ನೋಯುತ್ತಿತ್ತು. ಇನ್ನು ಮೆಷಿನ್ನು ಮಾಡುತ್ತದೆ ಎಂದಾಗ ನಾನು ಕೇಳಿದ ಮೊದಲ ಮಾತು, ಅದು ಸೀನುತ್ತದೆಯೋ ಎಂದು.

ನೀವು ನಂಬಬೇಕು, ಸೀನುತ್ತದೆ! ಓಡುವ ಪಟ್ಟಿಯ ಮೇಲೆ ಕಾಯಿ ಒಂದರ ಹಿಂದೆ ಒಂದು ಬರುತ್ತವೆ. ಮೇಲೆ ಕ್ಯಾಮೆರಾ ನೋಡುತ್ತದೆ. ಬಿಳಿಗಾಯಿ ಕಂಡರೆ ಪಕ್ಕದ ಕೊಳವೆಯಿಂದ ‘ಫುಸ್’ ಎಂದು ಗಾಳಿ ಬಂದು ಅದನ್ನು ಪಟ್ಟಿಯಿಂದಾಚೆ ಹಾರಿಸುತ್ತದೆ. ತಕರಾರು ಇದ್ದದ್ದು ಈ ಸೀನಿನಲ್ಲೇ. ಆಗಾಗ ಒಂದು ಸೀನು ತಡವಾಗಿ ಬರುತ್ತಿತ್ತು. ತಡವಾದರೆ ಏನಾಗುತ್ತದೆ? ಬಿಳಿಗಾಯಿ ಹಾಯಾಗಿ ಮುಂದೆ ಹೋಗುತ್ತದೆ, ಅದರ ಹಿಂದೆ ಬಂದ ಬಂಗಾರದಂಥ ಕೆಂಪು ಕಾಯಿ ಹಾರಿ ಕಸಕ್ಕೆ ಬೀಳುತ್ತದೆ.

ಎಲ್ಲಿ ತಡ ಎಂದು ಹುಡುಕಲು ಅವಳು ಮುಕಾದಮನನ್ನು ಜೋಡಿಸಿದಳು. ಜೋಡಿಸಿದ್ದೇ ಜೋಡಿಸಿದ್ದು, ಮೊದಲು ಆಗೊಂದು ಈಗೊಂದು ತಡವಾಗುತ್ತಿದ್ದ ಸೀನು ಈಗ ಎಲ್ಲವೂ ತಡ! ಮುಕಾದಮನ ವರದಿಯೋ, ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ. ಅವಳು ವೈರು ಬದಲಿಸಿದಳು, ಲ್ಯಾಪ್‌ಟಾಪು ಬದಲಿಸಿದಳು, ಮುಕಾದಮನನ್ನೇ ಅಳಿಸಿ ಮತ್ತೆ ತುಂಬಿದಳು. ಒಂದು ಸಲ ವರದಿಯಲ್ಲಿ, ಚಿಪ್ಪು ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ಏನೂ ಮಾಡದೆ ಸುಮ್ಮನೆ ಕೂರುವುದರಲ್ಲಿ ಎಂದು ಬಂದಿತಂತೆ. "ಅಂಥಾದ್ದು ನಮ್ಮ ಮನ್ಯಾಗೂ ಒಂದೈತಿ" ಎಂದು ನಾನು ಯಜಮಾನರ ಕಡೆ ನೋಡಿದೆ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದವಳು ಆ ದಿನ ನಗಲಿಲ್ಲ.

ಯಾಕೆಂದು ಆಮೇಲೆ ತಿಳಿಯಿತು. ಬರುವ ಗುರುವಾರ ಬ್ಯಾಡಗಿಯಲ್ಲಿ ವ್ಯಾಪಾರಿಯ ಮುಂದೆ ಮೆಷಿನ್ನು ಓಡಿಸಿ ತೋರಿಸಬೇಕು. ಅಷ್ಟರೊಳಗೆ ಸೀನು ಸರಿಯಾಗದಿದ್ದರೆ ಅವಳ ಬೋರ್ಡು ಕಿತ್ತು, ಹೊರಗಿನಿಂದ ತಯಾರಾದ ಬೋರ್ಡು ತಂದು ಹಾಕುವುದು ಎಂದು ಕಾರ್ಖಾನೆಯ ಮಾಲಕರು ಹೇಳಿಬಿಟ್ಟಿದ್ದರು. ಅವರು ಕೆಟ್ಟವರಲ್ಲ. ಆದರೆ ಎರಡು ವರ್ಷ ಅವಳು ಆ ಬೋರ್ಡನ್ನು ಕೂಸಿನಂತೆ ಸಾಕಿದ್ದಳು.

ಅವತ್ತಿನಿಂದ ಅವಳು ಮನೆಯಲ್ಲಿ ಅಳೆಯುವುದನ್ನೇ ಬಿಟ್ಟಳು. ಚಹಾ ಎಷ್ಟು ಹೊತ್ತಾದರೂ ಕೇಳಲಿಲ್ಲ. ಬಸ್ಸು ಎಷ್ಟು ತಡ ಎಂದು ಹೇಳಲಿಲ್ಲ. ಹುಚ್ಚು ಬಿಟ್ಟಿತು ಎಂದು ನಾವು ಸಂತೋಷಪಡಬೇಕಿತ್ತಲ್ಲವೇ? ಮನೆಯೆಲ್ಲ ಗಡಿಯಾರ ನಿಂತಂತಾಯಿತು. ಒಂದು ಮುಂಜಾನೆ ಯಜಮಾನರು ಮುಕ್ಕಾಲು ಗಂಟೆಯ ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಹೊರಗೆ ಬಂದು, "ಇವತ್ತ ಎಷ್ಟಾತು, ತಂಗಿ?" ಎಂದು ಕೇಳಿದರು. "ನೋಡ್ಲಿಲ್ಲ, ಅಜ್ಜಾ" ಎಂದಳು. ಪರೀಕ್ಷೆ ಬರೆದು ಬಂದವನಿಗೆ ಪೇಪರನ್ನೇ ತಿದ್ದಿಲ್ಲ ಎಂದ ಹಾಗೆ ಅವರು ನಿಂತುಬಿಟ್ಟರು. ಮರುದಿನ ಪೂಜೆ ಹತ್ತು ನಿಮಿಷಕ್ಕೆ ಇಳಿಯಿತು.

ಮಂಗಳವಾರ ನನಗೆ ತಡೆಯಲಾಗಲಿಲ್ಲ. ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ರಾಣೇಬೆನ್ನೂರಿಗೆ ಹೋದೆ. ಕಾರ್ಖಾನೆಯ ಮೂಲೆಯಲ್ಲಿ ಮೆಷಿನ್ನಿನ ಮುಂದೆ ನೆಲದ ಮೇಲೆ ಕೂತಿದ್ದಳು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು. ಇದಕ್ಕೆ ಏನಾಗಿದೆ ಎಂದು ಕೇಳಿದೆ. ಅವಳು ಅಜ್ಜಿ ಎನ್ನುವುದಿಲ್ಲ, ನನ್ನನ್ನು ಆಯಿ ಎಂದೇ ಕರೆಯುತ್ತಾಳೆ.

"ಇದಕ್ಕ ಏನೂ ಆಗಿಲ್ಲ, ಆಯಿ. ಇದಕ್ಕ ಏನಾಗೇತಿ ಅಂತ ನೋಡೂದು ಕೆಟ್ಟೈತಿ."

ಜ್ವರ ನೋಡುವ ಕಡ್ಡಿಗೇ ಜ್ವರ ಬಂದಿದೆ ಎಂದರೆ ಯಾವ ಔಷಧ ಕೊಡುತ್ತೀರಿ? ನಾನು ರೊಟ್ಟಿ ಮುರಿದು ಕೈಗೆ ಕೊಟ್ಟು, ಮುಕಾದಮ ಹೇಗೆ ಕೆಲಸ ಮಾಡುತ್ತಾನೆ ಎಂದು ಬಿಡಿಸಿ ಹೇಳು ಎಂದೆ. ಹೇಳಿದಳು. ಚಿಪ್ಪು ಒಂದೊಂದು ಕೆಲಸ ಮುಗಿಸಿದಾಗಲೂ ‘ಇದು ಮುಗಿಯಿತು’ ಎಂದು ವೈರಿನಲ್ಲಿ ಒಂದು ಸಾಲು ಕಳಿಸಬೇಕಂತೆ. ಕಳಿಸಿದ ಮೇಲೆ ಮುಂದಿನ ಕೆಲಸ.

"ಅದು ಹೇಳಿಕೋತ ಕುಂತಾಗ ಕೆಲಸ ಯಾರು ಮಾಡ್ತಾರ?"

"ಅದು ಪುಸ್ತಕದಾಗೂ ಐತಿ, ಆಯಿ. ಅದಕ್ಕ ಹೇಳೂ ಹೊತ್ತು ಕಳದ ಲೆಕ್ಕಾ ಹಿಡದೇನಿ."

"ಯಾವ ಕೆಲಸಕ್ಕ ಭಾಳ ಹೊತ್ತು ಅಂತ ಬರಾಕತ್ತೈತಿ?"

"ಕಾಯಿ ನೋಡೂ ಕೆಲಸಕ್ಕ. ಎಲ್ಲಾದಕ್ಕಿಂತ ಸಣ್ಣ ಕೆಲಸ ಅದು. ಮೂರು ವಾರ ಅದನ್ನ ತಿದ್ದಾಕತ್ತೇನಿ."

ಸಣ್ಣ ಕೆಲಸ, ಆದರೆ ಎಲ್ಲಕ್ಕಿಂತ ಹೆಚ್ಚು ಸಲ ಮಾಡುವ ಕೆಲಸ. ಅಷ್ಟು ಕೇಳಿದ್ದೇ ನನ್ನ ಮೂಗಿಗೆ ಹಳೆಯ ಘಾಟು ಬಂದು ಬಡಿಯಿತು. ಬ್ಯಾಡಗಿಯ ಕಣದಲ್ಲಿ ನಮಗೂ ಒಬ್ಬ ಹೊಸ ಮುಕಾದಮ ಬಂದಿದ್ದ. ಯಾರು ಮೈಗಳ್ಳರು ಎಂದು ಕಂಡುಹಿಡಿಯುವ ಉಮೇದು ಅವನಿಗೆ. ಬುಟ್ಟಿ ಮುಗಿದಾಗೊಮ್ಮೆ ಪ್ರತಿಯೊಬ್ಬಳೂ ‘ಆತು’ ಎಂದು ಕೂಗಬೇಕು ಎಂದು ಕಟ್ಟಪ್ಪಣೆ ಮಾಡಿದ. ಮೆಣಸಿನಕಾಯಿ ಕಣದಲ್ಲಿ ಬಾಯಿ ತೆರೆಯುವುದು ಎಂದರೇನು ಎಂದು ಅವನಿಗೇನು ಗೊತ್ತು? ನಾವೆಲ್ಲ ಸೆರಗು ಬಾಯಿಗೆ ಕಟ್ಟಿಕೊಂಡು ಕೂರುವವರು. ಕೂಗಬೇಕಾದರೆ ಸೆರಗು ಸರಿಸಬೇಕು. ಸರಿಸಿದರೆ ಘಾಟು ಒಳಗೆ. ಒಳಗೆ ಹೋದರೆ ಕೆಮ್ಮು. ಒಬ್ಬಳು ಕೆಮ್ಮಿದರೆ ಸಾಲೆಲ್ಲ ಕೆಮ್ಮು! ಸಂಜೆಯ ಹೊತ್ತಿಗೆ ಅವನು ಪತ್ತೆ ಹಚ್ಚಿಯೇಬಿಟ್ಟ: ಎಲ್ಲರಿಗಿಂತ ಹೆಚ್ಚು ಕೆಮ್ಮುತ್ತ ಕೂರುವ ಮೈಗಳ್ಳಿ ಯಾರು ಎಂದು.

ಆ ಮೈಗಳ್ಳಿ ನಾನು. ಇಡೀ ಸಾಲಿನಲ್ಲಿ ಎಲ್ಲರಿಗಿಂತ ಜೋರು ಕೈ ನನ್ನದು. ಎಲ್ಲರಿಗಿಂತ ಹೆಚ್ಚು ಬುಟ್ಟಿ ಮುಗಿಸಿದವಳು ಎಲ್ಲರಿಗಿಂತ ಹೆಚ್ಚು ಸಲ ಕೂಗಬೇಕಲ್ಲ! ಹೆಚ್ಚು ಕೂಗಿದ್ದಕ್ಕೆ ಹೆಚ್ಚು ಕೆಮ್ಮಿದೆ. ನಿಜವಾದ ಮೈಗಳ್ಳಿ ದಿನಕ್ಕೆ ಎರಡೇ ಸಲ ಕೂಗಿ ತಣ್ಣಗೆ ಕೂತಿದ್ದಳು. ಅವಳಿಗೆ ಅವನು ಶಾಬಾಸ್ ಅಂದ!

ಇದನ್ನೆಲ್ಲ ಹೇಳಿದೆ. ಮೊಮ್ಮಗಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಆಮ್ಯಾಲ ಏನ ಮಾಡಿದ್ರಿ, ಆಯಿ?"

"ನಮ್ಮ ಸಾಲಿನಾಗ ಒಬ್ಬಾಕಿ ಹಿರೇಮನಶಾಳು ಇದ್ಲು. ಕೂಗೂದು ಬ್ಯಾಡ್ರೆ, ಬುಟ್ಟಿ ಮುಗದ ಕೂಡ್ಲೆ ಒಂದ ಕಾಯಿ ಹಿಂದಕ್ಕ ಒಗೀರಿ ಅಂದ್ಲು. ಬಾಯಿ ತಗ್ಯೂದಿಲ್ಲ, ಕತ್ತ ಎತ್ತೂದಿಲ್ಲ, ಕೈ ನಿಂದ್ರೂದಿಲ್ಲ. ಬೇಕಾದಾವ ಹಿಂದ ನಿಂತು ನೋಡ್ಕೊಳ್ಳಲಿ."

"ಕೂಗೂ ಹೊತ್ತು ಕಳದೇನಿ, ಕೆಮ್ಮೂ ಹೊತ್ತು ಕಳದಿಲ್ಲ ನಾ" ಎಂದಳು. ಬೋರ್ಡನ್ನು ತಿರುವಿ ನೋಡಿದಳು. ಆ ಕರಿ ಚಿಪ್ಪಿಗೆ ಜರಿಹುಳುವಿನಂತೆ ಸುತ್ತಲೂ ಕಾಲುಗಳು. "ಒಂದ ಕಾಲು ಖಾಲಿ ಐತಿ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಮುಕಾದಮನನ್ನು ಕಿತ್ತು ಹಾಕಿ, ಆ ಖಾಲಿ ಕಾಲಿಗೆ ಒಂದು ವೈರು ಬೆಸೆದಳು. ಕೆಲಸ ಶುರುವಾದಾಗ ಆ ಕಾಲಿಗೆ ಕರೆಂಟು ಕೊಡುವುದು, ಮುಗಿದಾಗ ತೆಗೆಯುವುದು. ಸಾಲು ಬರೆದು ಕಳಿಸುವ ಗೊಡವೆಯೇ ಇಲ್ಲ. ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಪರದೆ ಇರುತ್ತದಲ್ಲ, ಅಂಥದೇ ಒಂದನ್ನು ಪಕ್ಕದಲ್ಲಿಟ್ಟು ಗೆರೆ ಏರುವುದು ಇಳಿಯುವುದು ನೋಡುತ್ತ ಕೂತಳು. ಕಾಯಿ ನೋಡುವ ಕೆಲಸ? ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಮೂರು ವಾರ ಬೈಸಿಕೊಂಡದ್ದು ಪಾಪ ನಿರಪರಾಧಿ! ಗಾಳಿ ಬಿಡುವ ಕೆಲಸ? ಸರಿಯಾಗಿದೆ. ಒಂದೊಂದನ್ನೇ ನೋಡುತ್ತ ಕೊನೆಗೆ ಒಂದರ ಹತ್ತಿರ ಬಂದಳು. ಆ ಗೆರೆ ಏರಿತು, ಏರಿದ್ದು ಇಳಿಯಲೊಲ್ಲದು! ಅದೇ ಗಳಿಗೆಗೆ ಒಂದು ಸೀನು ತಡವಾಯಿತು.

ಕಳ್ಳ ಸಿಕ್ಕ. ಯಾರು ಅಂದಿರಿ? ಮಾಲಕರ ಹೆಸರು!

ಮೆಷಿನ್ನಿನ ಮುಂಭಾಗದಲ್ಲಿ ಬಸ್ಸಿನ ಬೋರ್ಡಿನಂತೆ ಕೆಂಪು ಅಕ್ಷರ ಓಡುವ ಒಂದು ಪಟ್ಟಿ ಇತ್ತು. ಅದರಲ್ಲಿ ಸುಸ್ವಾಗತ, ಮಾಲಕರ ಹೆಸರು, ಅವರ ತಂದೆಯ ಹೆಸರು ಎಲ್ಲ ಬಲದಿಂದ ಎಡಕ್ಕೆ ಓಡಬೇಕು ಎಂಬುದು ಮಾಲಕರ ಆಸೆ. ಆ ಹೆಸರು ಓಡಿಸುವ ಸರದಿ ಬಂದಾಗಲೆಲ್ಲ ಚಿಪ್ಪು ಕಾಯಿಯನ್ನೂ ಮರೆತು, ಸೀನನ್ನೂ ಮರೆತು, ಹೆಸರಿನ ಸೇವೆಗೆ ನಿಲ್ಲುತ್ತಿತ್ತು. ಅಪರೂಪಕ್ಕೆ ಬರುವ ಕೆಲಸವಾದ್ದರಿಂದ ಮುಕಾದಮ ಅದನ್ನು ವರದಿಯ ತಳಕ್ಕೆ ಹಾಕಿದ್ದ. ಅಪರೂಪಕ್ಕೆ ಬಂದರೇನು, ಕಾರಿನ ಕಾಕಾನಂತೆ, ಬಂದರೆ ಏಳುವುದೇ ಇಲ್ಲ!

ಇದನ್ನು ಮಾಲಕರಿಗೆ ಹೇಳುವವರು ಯಾರು? ಅವಳೇ ಹೇಳಿದಳು. ಕೈ ಕಟ್ಟಿಕೊಂಡು ನಿಂತು, "ಸರ್, ನಿಮ್ಮ ಹೆಸರು ಓಡಿದ್ರ ಮೆಷಿನ್ನು ನಿಂದ್ರತೈತ್ರಿ. ನಿಮ್ಮ ಹೆಸರು ನಿಂತ್ರ ಮೆಷಿನ್ನು ಓಡತೈತ್ರಿ" ಎಂದಳು. ಮಾಲಕರು ಕನ್ನಡಕ ಒರೆಸಿಕೊಂಡು, ಓಡುತ್ತಿದ್ದ ತಮ್ಮ ಹೆಸರನ್ನು ಕೊನೆಯ ಸಲ ಪೂರ್ತಿ ಓದಿದರು. ತಂದೆಯ ಹೆಸರು ದಾಟುವ ತನಕ ಕಾದು, "ನಿಂದ್ರಲಿ ಬಿಡವಾ" ಎಂದರು.

ಗುರುವಾರ ಬ್ಯಾಡಗಿಗೆ ನಾನೂ ಹೋದೆ. ಕರೆಯಲಿಲ್ಲ, ಹೋದೆ! ಮೆಷಿನ್ನು ಓಡಿತು. ಫುಸ್, ಫುಸ್ ಎಂದು ಅದು ಸೀನಿದಂತೆಲ್ಲ ಬಿಳಿಗಾಯಿ ಹಾರಿ ಹಾರಿ ಬಿದ್ದವು. ನಿಂತಿದ್ದ ನಾವೂ ಸೀನಿದೆವು, ವ್ಯಾಪಾರಿ ಎಲ್ಲರಿಗಿಂತ ಜೋರಾಗಿ ಸೀನಿದರು. ಬಳಿಕ ಅವರು ಆರಿಸಿದ ಕಾಯಿಯ ಒಂದು ಬುಟ್ಟಿಯನ್ನು ನನ್ನ ಮುಂದಿಟ್ಟು, ನೀವು ಹಳಬರು, ನೋಡಿ ಹೇಳಿರಿ ಎಂದರು. ನಾನು ಕೂತು ಸೆರಗು ಬಾಯಿಗೆ ಕಟ್ಟಿದೆ. ಎಷ್ಟೋ ವರ್ಷದ ಮೇಲೆ ಬೆರಳುಗಳು ತಮ್ಮಷ್ಟಕ್ಕೇ ಓಡಿದವು. ಬುಟ್ಟಿಯ ತಳಕ್ಕೆ ಬರುವ ಹೊತ್ತಿಗೆ ಸಿಕ್ಕಿತು, ಒಂದೇ ಒಂದು ಬಿಳಿಗಾಯಿ.

ಏನು ಮಾಡಲಿ? ಎದುರಿಗೆ ಮೊಮ್ಮಗಳು ನಿಂತಿದ್ದಾಳೆ. ಕಾಯಿ ನನ್ನ ಸೊಂಟಕ್ಕೆ ಹೋಯಿತು! ಒಂದೂ ಇಲ್ಲವೇ ಎಂದು ವ್ಯಾಪಾರಿ ಕೇಳಿದಾಗ, "ಬುಟ್ಟಿ ನೀವ ನೋಡ್ರಿ, ಸಾವಕಾರ್ರ" ಎಂದೆ. ಬುಟ್ಟಿಯಲ್ಲಿ ನಿಜಕ್ಕೂ ಒಂದೂ ಇರಲಿಲ್ಲ. ಮೊಮ್ಮಗಳ ಬೋರ್ಡು ಮೆಷಿನ್ನಿನ ಹೊಟ್ಟೆಯಲ್ಲೇ ಉಳಿಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕೈ ಚಾಚಿದಳು. "ಸೊಂಟದಾಗ ಇಟ್ಟೀದಿಯಲ್ಲ, ಕೊಡು." ಕೊಟ್ಟೆ. ತಿರುಗಿಸಿ ನೋಡಿದಳು. ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕೆಂಪು. ಕ್ಯಾಮೆರಾಕ್ಕೆ ಕೆಂಪು ಮಗ್ಗುಲು ಕಂಡಿರಬೇಕು ಎಂದಳು. ಬುಟ್ಟಿಗೆ ಒಂದು ತಪ್ಪಬಹುದು ಎಂದು ವ್ಯಾಪಾರಿಗೆ ತಾನು ಮೊದಲೇ ಹೇಳಿದ್ದಳಂತೆ, ಕೈಯಲ್ಲಿ ಆರಿಸಿದರೆ ಹತ್ತು ತಪ್ಪುತ್ತವೆ ಎಂದು ಅವರು ನಕ್ಕಿದ್ದರಂತೆ. ನಾನು ಸುಮ್ಮನೆ ಕಳ್ಳಿಯಾದೆ!

ಆಮೇಲೆ ಅವಳೇ ಕೇಳಿದಳು. "ಮೆಷಿನ್ನಿನ ಹಿಂದ ಒಂದ ಹಸರ ದೀಪ ಮಿಣುಕತಿತ್ತಲ್ಲ, ನೋಡಿದಿ?"

ನೋಡಿದ್ದೆ, ಹೆಸರುಕಾಳಿನಷ್ಟು ದೀಪ. ಆ ಖಾಲಿ ಕಾಲಿನದೇ ಅದು. ಕಳ್ಳ ಸಿಕ್ಕ ಮೇಲೆ ಆ ವೈರನ್ನು ತೆಗೆದುಬಿಡುವುದು ರೂಢಿಯಂತೆ. ಅವಳು ತೆಗೆಯದೆ ಅದಕ್ಕೆ ದೀಪ ಹಚ್ಚಿ ಬಿಟ್ಟಿದ್ದಳು. ಒಂದೊಂದು ಕಾಯಿ ನೋಡಿ ಮುಗಿದಾಗಲೂ ಅದು ಒಮ್ಮೆ ಮಿಣುಕುತ್ತದೆ, ಕೂಗುವುದಿಲ್ಲ. ಚಿಪ್ಪಿನ ಪ್ರತಿ ಕಾಲಿಗೂ ಪ್ರೋಗ್ರಾಮಿನಲ್ಲಿ ಒಂದು ಹೆಸರು ಇಡಬೇಕಾಗುತ್ತದಂತೆ. ಇದಕ್ಕೆ ಏನು ಹೆಸರಿಟ್ಟೆ ಎಂದೆ. ಬ್ಯಾಗಿನಿಂದ ಪೆನ್ನು ತೆಗೆದಳು. ನನ್ನ ಬಲಗೈ ಎಳೆದುಕೊಂಡು ಅಂಗೈ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ ಬರೆದಳು. ನನ್ನ ಅಂಗೈ ಒಡೆದ ಹೊಲದಂತೆ. ಪೆನ್ನು ಎರಡು ಕಡೆ ಸಿಕ್ಕಿಬಿತ್ತು.

"ಓದಾಕ ಬರೂದಿಲ್ಲವ್ವಾ ನನಗ."

"ಆಯಿ" ಎಂದಳು.

ನನ್ನನ್ನು ಕರೆದಳು ಎಂದುಕೊಂಡು "ಏನು?" ಎಂದೆ. ಅವಳು ನಕ್ಕು, ಅಂಗೈ ಮೇಲೆ ಬೆರಳಿಟ್ಟಳು. ಇಂಥ ಎಷ್ಟು ಮೆಷಿನ್ನು ಆಗುತ್ತವೋ ಅಷ್ಟರಲ್ಲೂ ಈ ಹೆಸರು ಇರುತ್ತದೆಯೇ ಎಂದು ಕೇಳಿದೆ. ಇರುತ್ತದೆ ಎಂದಳು. ಮೋಟೆಬೆನ್ನೂರು ಬರುವ ತನಕ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಆ ಸಂಜೆ ರೊಟ್ಟಿಯನ್ನು ಎಡಗೈಯಲ್ಲಿ ಬಡಿದೆ. ಬಲಗೈಗೆ ನೀರು ತಾಗಿಸಲಿಲ್ಲ. ರೊಟ್ಟಿ ಒಂದೂ ದುಂಡಗೆ ಬರಲಿಲ್ಲ, ದಿನದ ಎರಡರಷ್ಟು ಹೊತ್ತು ಹಿಡಿಯಿತು. ಯಜಮಾನರು ಎರಡು ಸಲ ಬಂದು ತಟ್ಟೆ ನೋಡಿ ಹೋದರು. ಮೊಮ್ಮಗಳು ಮೊದಲಿನಿಂದ ಕೊನೆಯ ತನಕ ಬಾಗಿಲಿಗೆ ಒರಗಿ ನಿಂತು ನೋಡಿದಳು. ಫೋನು ಅವಳ ಕೈಯಲ್ಲೇ ಇತ್ತು. ಅಳೆಯಲಿಲ್ಲ.